ಎಡಗಡೆಯ ಹಸಿರು

“ಅಪ್ಪ, ನೀನೇ ಹೇಳು. ಹಸಿರಾ, ಪೀಚಾ?”

ನಂಜನಗೂಡಿನಲ್ಲಿ ಮದುವೆ ಡೆಕೊರೇಷನ್ ಮಾಡುವ ನಂಜುಂಡೇಶನ ಅಂಗಡಿಯೊಳಗೆ ಮಗಳು ಧನುಶ್ರೀ ಹೀಗೆ ಕೇಳಿದ್ದೇ ತಡ, ಹೆಮ್ಮಿಗೆಯ ಶಿವಸ್ವಾಮಿಗೆ ಕೂತ ಕುರ್ಚಿಯೇ ಮುಳ್ಳಾಯಿತು. ಎದುರಿಗೆ ಎರಡು ಊಟದ ಟೇಬಲ್ಲುಗಳು. ಒಂದಕ್ಕೆ ಪಿಸ್ತಾ ಹಸಿರು ಬಟ್ಟೆ, ಇನ್ನೊಂದಕ್ಕೆ ತಿಳಿಗೆಂಪಿನ ಪೀಚ್ ಬಣ್ಣದ ಬಟ್ಟೆ. ಮೇಲೆ ಉರುಳಿ ಎಂಬ ಅಗಲ ಬಾಯಿಯ ಹಿತ್ತಾಳೆ ಪಾತ್ರೆ, ಅದರ ನೀರಿನಲ್ಲಿ ಹೂವು, ಪಕ್ಕದಲ್ಲಿ ಗಾಜಿನ ಲೋಟದೊಳಗೆ ದೀಪ. ಉಣ್ಣುವ ಟೇಬಲ್ಲಿಗೆ ಇಷ್ಟೊಂದು ಸಿಂಗಾರ ಯಾಕಪ್ಪಾ ಎಂದು ಬೇರೆ ಅಪ್ಪಂದಿರಾದರೆ ಗೊಣಗುತ್ತಿದ್ದರು. ಶಿವಸ್ವಾಮಿಯ ಸಂಕಟ ಅದಲ್ಲ. ಅವನ ಕಣ್ಣಿಗೆ ಎರಡು ಬಟ್ಟೆಯೂ ಒಂದೇ. ಎರಡೂ ಅಕ್ಕಿ ತೊಳೆದ ನೀರಿನ ಬಣ್ಣ.

ಹಸಿರು, ಕೆಂಪು ಅವನಿಗೆ ಹುಟ್ಟಿದಾಗಿನಿಂದಲೂ ಬೇರೆ ಬೇರೆಯಾಗಿ ಕಂಡದ್ದಿಲ್ಲ. ಹರೆಯದಲ್ಲಿ ಬಸ್ ಡ್ರೈವರ್ ಕೆಲಸಕ್ಕೆ ಹೋಗಿ, ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ವಾಪಸ್ ಬಂದವನು, “ಆ ಕೆಲ್ಸ ನಮ್ಗೆ ಒಗ್ಗಾಕಿಲ್ಲ” ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಹೆಣ್ಣು ಕೊಡುವವರು ಹಿಂದೆ ಸರಿದಾರು ಎಂಬ ಭಯ ಆಗ. ಮದುವೆಯಾದ ಮೇಲೆ ಹೆಂಡತಿಗೆ ಹೇಳಲು ನಾಚಿಕೆ. ಈಗಂತೂ ಬೀಗರ ಕಿವಿಗೆ ಬಿದ್ದು ಮಗಳ ಮದುವೆಗೇ ಕುತ್ತು ಬಂದರೆ ಎಂಬ ದಿಗಿಲು. ಅವನ ಪುಣ್ಯ, ಬಣ್ಣದ ಮಾತು ಬಂದಲ್ಲೆಲ್ಲ ಹೆಂಡತಿ ಹೇಮಲತಾ ತಾನೇ ಮುಂದೆ ನುಗ್ಗಿ ಉತ್ತರ ಹೇಳಿಬಿಡುತ್ತಿದ್ದಳು. ಅವಳೋ, ನೀಲಿ ಹುಚ್ಚಿನ ಹೆಂಗಸು. ಮನೆ ಬಾಗಿಲಿಗೆ ನೀಲಿ, ಗಂಡನ ಅಂಗಿಗಳೆಲ್ಲ ನೀಲಿ, ಉಡುವ ಸೀರೆ ನೀಲಿ, ತಪ್ಪಿದರೆ ಹಳದಿ. “ಬ್ಯಾರೆ ಬಣ್ಣಾನೇ ಸಿಕ್ಕಾಕಿಲ್ವಾ ನಿಂಗೆ?” ಎಂದು ಅವನು ಎಷ್ಟೋ ಸಲ ಆಡಿಕೊಂಡಿದ್ದುಂಟು. ಇವತ್ತು ಅವಳು ಲಗ್ನಪತ್ರಿಕೆ ಕೊಡಲು ತಲಕಾಡಿಗೆ ಹೋಗಿದ್ದಳು.

“ಎಲೆ ಹಾಸಿದ್ಮೇಲೆ ಬಟ್ಟೆ ಯಾರ್ಗೆ ಕಾಣ್ತದವ್ವ? ಯಾವ್ದಾದ್ರೂ ಆಯ್ತದೆ,” ಎಂದು ಶಿವಸ್ವಾಮಿ ಜಾರಿಕೊಳ್ಳಲು ನೋಡಿದ.

“ಅಂಗಂದ್ರೆ ಎಂಗೆ ಸಾ? ಮಗಳು ಆಸೆಯಿಂದ ಕೇಳ್ತಾವ್ರೆ,” ಎಂದ ನಂಜುಂಡೇಶ್.

ಧನುಶ್ರೀ ಅಪ್ಪನ ಮೊಣಕೈ ಹಿಡಿದುಕೊಂಡಳು. “ಸೀರೆ, ಒಡವೆ ಎಲ್ಲಾ ಅಮ್ಮನೇ ಆರಿಸಿದ್ದು. ಇದೊಂದಾದ್ರೂ ನನ್ನಪ್ಪ ಆರಿಸಿದ್ದು ಅಂತ ಇರ್ಲಿ.”

ಹಾಗೆ ಕೇಳಿದ ಮಗಳಿಗೆ ಇಲ್ಲ ಅನ್ನಲು ಬಾಯಿ ಬರುತ್ತದೆಯೇ? ಎಡಕ್ಕಿರುವುದು ಹಸಿರು ಎಂದು ನಂಜುಂಡೇಶ್ ಬಟ್ಟೆ ಹಾಸುವಾಗಲೇ ಹೇಳಿದ್ದ. ಶಿವಸ್ವಾಮಿ ಅದನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಟೊಮೆಟೊವನ್ನು ಅದುಮಿ ನೋಡಿ, ಬಾಳೆಹಣ್ಣನ್ನು ಮೂಸಿ ನೋಡಿ, ಇಂಥ ಉಪಾಯಗಳಿಂದಲೇ ಅವನು ಇಷ್ಟು ಕಾಲ ಬಾಳಿದ್ದು. ಆದರೆ ಅವನು ಹೊರಗೆ ಹೋಗಿ ಬೆವರಿದ ಮುಖ ತೊಳೆದುಕೊಂಡು ಬರುವಷ್ಟರಲ್ಲಿ, ಲೈಟಿನ ಕೆಳಗೆ ಚೆನ್ನಾಗಿ ಕಾಣಲೆಂದು ನಂಜುಂಡೇಶ್ ಎರಡು ಬಟ್ಟೆಗಳನ್ನೂ ಅದಲು ಬದಲು ಮಾಡಿಬಿಟ್ಟಿದ್ದ.

ಶಿವಸ್ವಾಮಿ ನೇರ ಹೋಗಿ ಎಡಗಡೆಯ ಬಟ್ಟೆಯನ್ನು ಅಕ್ಕರೆಯಿಂದ ಸವರಿದ. “ಈ ಅಸ್ರೇ ಇರ್ಲಿ ಕಣವ್ವ. ನೋಡು, ನಮ್ ಗದ್ದೆ ಪೈರು ಇದ್ದಂಗದೆ.”

ಅವನ ಕೈ ಇದ್ದದ್ದು ಪೀಚ್ ಬಣ್ಣದ ಮೇಲೆ. ನಂಜುಂಡೇಶ್ ನಗಲು ಬಾಯಿ ತೆರೆದವನು ಧನುಶ್ರೀಯ ಮುಖ ನೋಡಿ ಹಾಗೇ ಮುಚ್ಚಿಕೊಂಡ. ಇಬ್ಬರೂ ಸುಮ್ಮನಾದದ್ದು ಕಂಡು ಶಿವಸ್ವಾಮಿಗೆ ಎಲ್ಲ ತಿಳಿದುಹೋಯಿತು. ಇಷ್ಟು ವರ್ಷ ಮುಚ್ಚಿಟ್ಟದ್ದು ಮಗಳ ಮದುವೆ ಹೊತ್ತಿಗೇ ಬೀದಿಗೆ ಬೀಳಬೇಕೇ ಎಂದು ನೆಲ ನೋಡುತ್ತ ನಿಂತ.

ಧನುಶ್ರೀ ಮೂಲೆಯಲ್ಲಿದ್ದ ಬಟ್ಟೆಯ ರಾಶಿಯಿಂದ ಎರಡನ್ನು ಎಳೆದು ತಂದು, ಒಂದನ್ನು ಮುಂದೆ ಹಿಡಿದಳು.

“ಅಪ್ಪ, ಇದು ಯಾವ ಬಣ್ಣ?”

“ನೀಲಿ.”

“ಇದು?”

“ಅಳದಿ. ನಮ್ ರಸಬಾಳೆ ಇದ್ದಂಗದೆ.”

“ನಂಜುಂಡೇಶಣ್ಣ, ಪಿಸ್ತಾನೂ ಬೇಡ, ಪೀಚೂ ಬೇಡ. ಎಲ್ಲಾ ಟೇಬಲ್ಲಿಗೂ ನೀಲಿ ಬಟ್ಟೆ, ಮಧ್ಯಕ್ಕೆ ಹಳದಿ ಪಟ್ಟಿ, ಉರುಳಿ ತುಂಬ ಹಳದಿ ಸೇವಂತಿಗೆ ಹಾಕಿ.”

“ನೀನ್ ಆಸೆ ಪಟ್ಟಿದ್ದು ಇದಲ್ವಲ್ಲವ್ವ,” ಎಂದ ಶಿವಸ್ವಾಮಿ. “ಬೀಗರ್ಗೆ ಗೊತ್ತಾದ್ರೆ?”

“ಗೊತ್ತಾಗ್ಲಿ ಬಿಡಪ್ಪ. ನನ್ನ ಮದ್ವೆ ನಿನ್ನ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು, ಅಷ್ಟೇ.”

ಅಷ್ಟರಲ್ಲಿ ತಲಕಾಡಿನಿಂದ ಹೇಮಲತಾಳ ಫೋನು. ಧನುಶ್ರೀ ಸ್ಪೀಕರಿಗೆ ಹಾಕಿದಳು.

“ಯಾವ ಬಣ್ಣ ಆಯ್ತೇ?”

“ನೀಲಿ, ಹಳದಿ ಅಮ್ಮ. ಅಪ್ಪನೇ ಆರಿಸಿದ್ದು.”

“ಅಂಗಾದ್ರೆ ನಿಮ್ಮಪ್ಪ ಸಿಕ್ಕಾಕ್ಕಂಡ್ರು ಅನ್ನು.”

ಶಿವಸ್ವಾಮಿ ಫೋನನ್ನು ಕಸಿದುಕೊಂಡ. “ನಿಂಗ್ ಗೊತ್ತಿತ್ತಾ?”

“ಮದ್ವೆಯಾದ ಹೊಸದ್ರಲ್ಲಿ ಕೆಂಪ್ ಮೆಣಸಿನಕಾಯಿ ಕಿತ್ಕಂಡ್ ಬನ್ನಿ ಅಂದ್ರೆ ಬುಟ್ಟಿ ತುಂಬ ಅಸಿ ಕಾಯಿ ತಂದು ಸುರಿದ್ರಲ್ಲ, ಅವತ್ತೇ ಗೊತ್ತಾಯ್ತು ಕಣ್ರೀ. ಇಲ್ದಿದ್ರೆ ನಂಗೇನು ನೀಲಿ ಹುಚ್ಚಾ?”

ಹೆಂಡತಿಯನ್ನು ಒಂದು ದಿನವೂ ಕೇಳದಿದ್ದ ಮಾತನ್ನು ಶಿವಸ್ವಾಮಿ ಆಗ ಕೇಳಿದ. “ಮತ್ತೆ ನಿಂಗ್ಯಾವ್ ಬಣ್ಣ ಇಷ್ಟ?”

“ಕೆಂಪು. ನಿಮ್ಗೆ ಕಾಣ್ದಿದ್ಮೇಲೆ ಉಟ್ಕಂಡು ಏನ್ ಮಾಡ್ಲಿ?”

ಶಿವಸ್ವಾಮಿ ಫೋನನ್ನು ಮಗಳ ಕೈಗಿಟ್ಟು ರಸ್ತೆ ದಾಟಿ ಎದುರಿನ ಸೀರೆ ಅಂಗಡಿಗೆ ನಡೆದ. ಧನುಶ್ರೀ ಹಿಂದೆಯೇ ಓಡಿದಳು. ಅಂಗಡಿ ತುಂಬ ಜನ. ಅವನು ದನಿ ತಗ್ಗಿಸಲಿಲ್ಲ.

“ನಮ್ಮನೆಯವ್ಳಿಗೆ ಒಂದು ಒಳ್ಳೆ ಕೆಂಪು ರೇಷ್ಮೆ ಸೀರೆ ತೋರ್ಸಿ ಸಾ. ನಂಗೆ ಕೆಂಪು ಕಾಣಾಕಿಲ್ಲ. ನನ್ ಮಗಳು ನೋಡಿ ಏಳ್ತಾಳೆ.”