ದೀಪಾಲಿಯ ಇಂಗ್ಲಿಷ್ ಪೇಪರ್

ದೀಪಾಲಿಯ ಪೇಪರನ್ನು ಯಾರೋ ಅದಲುಬದಲು ಮಾಡಿದ್ದಾರೆ. ಗುರುಲಿಂಗ ಮಾಸ್ತರರಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ.

ಇಲ್ಲದಿದ್ದರೆ ಹನ್ನೊಂದು ಅಂಕ ಹೇಗೆ ಬಂದೀತು? ಬಸವಕಲ್ಯಾಣದ ಅವರ ಟ್ಯೂಶನ್ನಿನಲ್ಲಿ ಪ್ಯಾಸಿವ್ ವಾಯ್ಸನ್ನು ನೀರು ಕುಡಿದಷ್ಟು ಸಲೀಸಾಗಿ ಬರೆಯುವವಳು ಅವಳೊಬ್ಬಳೇ. ಬೋರ್ಡಿನ ಮೇಲೆ ಮಾಸ್ತರರೇ ಎಡವಿದರೆ ಮೆಲ್ಲಗೆ ಕೆಮ್ಮುವವಳೂ ಅವಳೇ. ನೋಟುಬುಕ್ಕಿನಲ್ಲಿ ತಪ್ಪಾದರೆ ಗೀಚುವುದಿಲ್ಲ. ಸ್ಕೇಲಿಟ್ಟು ಒಂದೇ ಗೆರೆ. ಪರೀಕ್ಷೆಯ ಹಿಂದಿನ ದಿನವೂ ಬಂದು ಕೇಳಿದ್ದಳು.

"ಹೊಡೆದು ಹಾಕಿದ ಉತ್ತರಕ್ಕ ಮಾರ್ಕ್ಸ್ ಕೊಡತಾರೇನ್ರಿ ಸರ್?"

"ಇಲ್ಲವ್ವಾ, ಅದನ್ನ ನೋಡೂದೂ ಇಲ್ಲ. ಹುಷಾರಿಲೆ ಬರಿ."

ಅಂಥ ಹುಡುಗಿ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಮೂರನೆಯ ಸಲ ನಪಾಸು. ಉಳಿದ ವಿಷಯಗಳೆಲ್ಲ ಮೊದಲ ಏಟಿಗೇ ಪಾಸು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮಾಸ್ತರರು ಹಲ್ಲು ಕಡಿದರು.

ತಮ್ಮ ಹೆಸರಿಗಿಂತ ಹುಡುಗಿಯ ಬಾಳಿನ ಚಿಂತೆ ಅವರನ್ನು ಕೊರೆಯುತ್ತಿತ್ತು. ಅವಳ ಅಪ್ಪ ಬಕ್ಕಪ್ಪ ತನ್ನ ಅಕ್ಕ ಪಾರ್ವತಿಬಾಯಿಯ ಮಗನಿಗೆ ಅವಳನ್ನು ಗೊತ್ತುಮಾಡಿದ್ದ. ಹುಮನಾಬಾದಿನಲ್ಲಿ ಹಾರ್ಡ್‌ವೇರ್ ಅಂಗಡಿ, ಎರಡಂತಸ್ತಿನ ಮನೆ. ವರನ ಮೊದಲ ಹೆಂಡತಿ ಮೂರೇ ತಿಂಗಳಿಗೆ ತವರಿಗೆ ಓಡಿದ್ದಳು, ಸೋಡಚೀಟಿಯಾಗಿ ಸಂಬಂಧ ಹರಿದಿತ್ತು. ತಪ್ಪು ಅವಳದೇ ಎಂದು ಬಂಧುಬಳಗವೆಲ್ಲ ಒಪ್ಪಿತ್ತು. "ಮೊದಲಿನಾಕಿ ಅಡಾಣಿ ಇದ್ದಳು. ಕಲತಾಕಿ ಆದ್ರ ತಿಳಕೊಂಡು ಬಾಳೇ ಮಾಡತಾಳ," ಎಂದಿದ್ದಳು ಪಾರ್ವತಿಬಾಯಿ. ಎಸ್ಸೆಸ್ಸೆಲ್ಸಿ ಪಾಸಾದ ತಿಂಗಳಲ್ಲೇ ಮದುವೆಯ ಅಕ್ಕಿಕಾಳು. ಈ ಸಲವೂ ಆಗದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದಳು.

೨೦೦೭ರ ಹೊತ್ತಿಗೆ ಉತ್ತರಪತ್ರಿಕೆಯ ನಕಲು ತರಿಸಿಕೊಳ್ಳುವ ಸವಲತ್ತು ಬಂದಿತ್ತು. ಮಾಸ್ತರರು ತಾವೇ ಕೂತು ಅರ್ಜಿ ತುಂಬಿದರು. ದೀಪಾಲಿಯ ಮುಖ ಬಿಳಿಚಿಕೊಂಡಿತು.

"ಬ್ಯಾಡ್ರಿ ಸರ್. ನಾ ಮತ್ತ ಓದತೀನ್ರಿ. ನಿಮ್ಮ ಕಾಲಿಗಿ ಬೀಳತೀನಿ."

"ಯಾಕ ಅಂಜಾಕತ್ತಿ? ನಿನ್ನ ಕಡೆ ನ್ಯಾಯ ಅದ. ಇದೊಂದು ಕೈಗಿ ಬರಲಿ, ನಿನ್ನ ಮದುವಿ ಊಟ ನಾ ಉಂಡೇ ಉಣ್ಣತೀನಿ."

ಪಾಪದ ಹುಡುಗಿ, ದೊಡ್ಡವರ ವಿರುದ್ಧ ನಿಲ್ಲಲು ಹೆದರುತ್ತಾಳೆ ಎಂದು ಅವರಿಗೆ ಕರುಳು ಚುರ್ರೆಂದಿತು.

ಲಕೋಟೆ ಬಂದ ದಿನ ಬಕ್ಕಪ್ಪ ಮಗಳನ್ನು ಕರೆದುಕೊಂಡು ಬಂದು ಎದುರಿಗೆ ಕೂತ. ಅವನಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಮಾಸ್ತರರ ಮುಖವನ್ನೇ ನೋಡುತ್ತಿದ್ದ.

ಮಾಸ್ತರರು ಮೊದಲ ಹಾಳೆ ತಿರುವಿದರು. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದಕ್ಕೆ ಬಂದರು. ತಲೆ ಎತ್ತಿದರೆ ಬಾಗಿಲಲ್ಲಿ ದೀಪಾಲಿ. ಎಂದೂ ಇಲ್ಲದಂತೆ ಅವರನ್ನೇ ನೆಟ್ಟನೆ ನೋಡುತ್ತಿದ್ದಳು.

"ಏನಾತ್ರಿ ಸರ್? ಬ್ಯಾರೆ ಮಂದಿ ಪೇಪರ್ ಇಟ್ಟಾರೇನು?" ಬಕ್ಕಪ್ಪ ಮುಂದೆ ಸರಿದ. "ಹುಮನಾಬಾದಿಗಿ ಫೋನ್ ಹಚ್ಚಲೇನು?"

"ಇಲ್ರಿ ಬಕ್ಕಪ್ಪ. ಪೇಪರ್ ಈಕೀದೇ ಅದ." ಮಾಸ್ತರರು ಹಾಳೆಗಳನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಈಕಿಗಿ ಇಂಗ್ಲಿಷ್ ತಲಿಗಿ ಹತ್ತಂಗಿಲ್ಲ. ಅವರಿಗಿ ಬ್ಯಾರೆ ಕಡೆ ನೋಡ್ಕೋಳ್ರಿ ಅಂತ ಹೇಳಿಬಿಡ್ರಿ."

ಜೇಬಿನೊಳಗಿನ ಹಾಳೆಗಳ ತುಂಬ ಒಂದೂ ತಪ್ಪಿಲ್ಲದ ಉತ್ತರಗಳಿದ್ದವು, ದೀಪಾಲಿಯದೇ ಮುದ್ದಾದ ಅಕ್ಷರದಲ್ಲಿ. ಹನ್ನೊಂದು ಅಂಕಕ್ಕಾಗುವಷ್ಟನ್ನು ಬಿಟ್ಟು ಉಳಿದೆಲ್ಲದರ ಮೇಲೆ ಸ್ಕೇಲಿಟ್ಟು ಎಳೆದ ಒಂದೊಂದೇ ಗೆರೆ.