ಏಳನೆಯ ಹೆಬ್ಬೆಟ್ಟು

ಗಿರಣಿ ಮಾಲಕರ ಮನೆಯ ಹಿತ್ತಲ ಬಾಗಿಲು ಗೇಣಷ್ಟೇ ತೆರೆಯಿತು. ಆ ಸಂದಿನಿಂದ ಬಾಳಮ್ಮ ಹೊರಬಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಕಟ್ಟಿನೊಳಗೆ ಏನೋ ಉಬ್ಬಿತ್ತು. ಅತ್ತಿತ್ತ ನೋಡಿ, ಕಚೇರಿಯ ದಾರಿ ಹಿಡಿದು ಸರಸರ ನಡೆದಳು.

ಬೇವಿನ ಮರದ ಮರೆಯಲ್ಲಿ ನಿಂತು ಗಿರಣಿ ಕೂಲಿಗಳಾದ ಮಾಳಿಂಗಪ್ಪ, ಖಾಸೀಂಬಿ ಇಬ್ಬರೂ ನೋಡುತ್ತಿದ್ದರು.

“ನಾ ಹೇಳಲಿಲ್ಲೇನ ಅಣ್ಣಾ?” ಖಾಸೀಂಬಿ ಪಿಸುಗುಟ್ಟಿದಳು. “ಸೋಮವಾರಕ್ಕೊಮ್ಮೆ ಹಿಂಗ ಹೋಗ್ತಾಳ. ಮಾಲಕರ ಹೆಂಡ್ತಿ ಸುಭದ್ರಾಬಾಯಿ ಗುಡಿಗೆ ಹೋದ ಹೊತ್ತು ನೋಡೇ ಹೋಗ್ತಾಳ. ನಮ್ಮ ಸುದ್ದಿ ಎಲ್ಲಾ ಅಲ್ಲೇ ಮಾರಾಕತ್ತಾಳ.”

“ಸುಮ್ನಿರು ಬೇ,” ಎಂದ ಮಾಳಿಂಗಪ್ಪ. ಆದರೆ ಬಾಳಮ್ಮನ ಹಿಂದೆಯೇ ಕಚೇರಿಯತ್ತ ಹೆಜ್ಜೆ ಹಾಕಿದ.

ಆಳಂದದ ಹತ್ತಿ ಗಿರಣಿಯ ಕೂಲಿಗಳು ಸಂಘ ಕಟ್ಟಿದ್ದರು. ನೋಂದಣಿಗೆ ಏಳು ಕೆಲಸಗಾರರ ಹೆಬ್ಬೆಟ್ಟು ಬೇಕಿತ್ತು. ಇವತ್ತು ಕಚೇರಿಯಲ್ಲಿ ಅದರ ತೀರ್ಮಾನ. ಕಾಲ ಕೆಟ್ಟಿತ್ತು. ಗಡಿಯ ಖಜೂರಿ ದಾಟಿದರೆ ಸ್ವತಂತ್ರ ಭಾರತದ ಬಾವುಟ, ಇಲ್ಲಿ ಇನ್ನೂ ನಿಜಾಮರ ಹುಕುಮು. ನಾಲ್ಕು ಜನ ಕೂಡಿ ನಿಂತರೆ ಲಾಠಿ. ಮುದ್ರೆ ಬಿದ್ದರೆ ಸಂಘ. ಬೀಳದಿದ್ದರೆ ಬರೀ ಗುಂಪು. ಗುಂಪಿನವರಿಗೆ ನಾಳೆಯಿಂದ ಗಿರಣಿಯ ಬಾಗಿಲು ಬಂದ್ ಎಂದು ಮಾಲಕ ಕಲ್ಯಾಣಪ್ಪ ಮೊದಲೇ ಸಾರಿದ್ದ.

ಆರು ಹೆಬ್ಬೆಟ್ಟು ಹೇಗೋ ಬಿದ್ದವು. ಏಳನೆಯದಕ್ಕೆ ಯಾರೂ ಬಾರದಿದ್ದಾಗ ಬಾಳಮ್ಮ ತಾನಾಗಿ ಬಂದು ಮಸಿಯಲ್ಲಿ ಬೆರಳದ್ದಿದ್ದಳು. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವವಿದ್ದ ಹಾಗೆ, ಸಂಘದ ಜೀವ ಈಗ ಆ ಒಂದು ಹೆಬ್ಬೆಟ್ಟಿನಲ್ಲಿತ್ತು.

ಕರೆಯದೆ ಯಾಕೆ ಬಂದಳು? ಈ ಪ್ರಶ್ನೆ ಮಾಳಿಂಗಪ್ಪನನ್ನು ಕಚೇರಿಯವರೆಗೂ ಕೊರೆಯಿತು. “ಸಂಘ ಜಿಂದಾಬಾದ್” ಎನ್ನುವಾಗ ಎಲ್ಲರಿಗಿಂತ ದೊಡ್ಡ ಗಂಟಲು ಅವಳದೇ. “ಕಲ್ಯಾಣಪ್ಪ ಮುರ್ದಾಬಾದ್” ಎಂದ ಕೂಡಲೇ ಅವಳಿಗೆ ಕೆಮ್ಮು ಬರುತ್ತಿತ್ತು, ಇಲ್ಲವೇ ಕಾಲಿಗೆ ಮುಳ್ಳು ಚುಚ್ಚುತ್ತಿತ್ತು. ಮಟಕಿ ಊರಿನವಳು ಎಂಬುದಷ್ಟೇ ಗೊತ್ತು. ಗಂಡ ಸೊಲ್ಲಾಪುರದ ಮಿಲ್ಲಿನಲ್ಲಿರಬೇಕು ಎಂದು ಜನ ತಾವೇ ಕಥೆ ಕಟ್ಟಿದ್ದರು. ಅವಳು ಹೂಂ ಎಂದವಳಲ್ಲ, ಊಹೂಂ ಎಂದವಳಲ್ಲ. ಬೆಳಿಗ್ಗೆ ಆಳುಗಳ ಮೇಸ್ತ್ರಿ ಮುಕಾದಮ ಒಬ್ಬೊಬ್ಬರ ಹೆಸರು ಕೂಗಿ ಗಿರಣಿಯೊಳಗೆ ಬಿಡುತ್ತಿದ್ದ. ಅವಳ ಹೆಸರು ಮಾತ್ರ ಕೂಗುತ್ತಿರಲಿಲ್ಲ. ತಾನೇ ಬಂದು ಹತ್ತಿಯ ಕಸ ಆರಿಸುತ್ತ ಕೂತರೂ ಯಾರೂ ಏಳು ಎನ್ನುತ್ತಿರಲಿಲ್ಲ.

ಕಚೇರಿಯಲ್ಲಿ ಕಲಬುರ್ಗಿಯಿಂದ ಬಂದ ನೋಂದಣಿ ಸಾಹೇಬರು ಕೂತಿದ್ದರು. ಬಲಗಡೆ ಕಲ್ಯಾಣಪ್ಪ. ಅವನ ಬೆನ್ನಿಗೆ ಸುಭದ್ರಾಬಾಯಿಯ ಅಣ್ಣಂದಿರು, ಅಫಜಲಪುರದ ಸಾವಕಾರರು. ಕಲ್ಯಾಣಪ್ಪನ ಮೊದಲ ಹೆಂಡತಿ ಪ್ಲೇಗಿನಲ್ಲಿ ಹೋದಳೆಂದು ಮರುಗಿ ತಂಗಿಯನ್ನು ಕೊಟ್ಟವರು, ಗಿರಣಿಯ ಯಂತ್ರಗಳನ್ನೂ ತಂದು ನಿಲ್ಲಿಸಿದವರು.

ಮಾಲಕರ ವಕೀಲ ಶರಫುದ್ದೀನ ಎದ್ದ.

“ಹುಜೂರ್, ಆರು ಮಂದಿ ಆಳುಗಳು, ಖರೆ. ಏಳನೇದಾಕಿ ಆಳೇ ಅಲ್ಲ. ಮುಕಾದಮ ಆಕೀ ಹೆಸರು ಒಂದಿನಾನೂ ಕೂಗಿಲ್ಲ, ಪಗಾರಾನೂ ಕೊಟ್ಟಿಲ್ಲ. ಹೊಟ್ಟಿಗೆ ಜ್ವಾಳ ಕೊಡ್ತಾರ, ಅಷ್ಟ. ಮಾಲಕರ ಮನೀಕಡೆ ಹೆಣ್ಮಗಳು. ಆಕೀನ್ನ ತಗದಮ್ಯಾಲೆ ಸಂಘ ಎಲ್ಲೈತ್ರಿ?”

ಮಾಳಿಂಗಪ್ಪ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದ.

“ಮನೀಕಡೆ ಅಂದ್ರ?” ಸಾಹೇಬರು ತಲೆ ಎತ್ತಿದರು. “ಏನ್ ಸಂಬಂಧ?”

ವಕೀಲ ಮಾಲಕನ ಮುಖ ನೋಡಿದ. ಮಾಲಕನ ಕೈ ರುಮಾಲಿಗೆ ಹೋಯಿತು.

ಸಾಹೇಬರು ಬಾಳಮ್ಮನತ್ತ ತಿರುಗಿದರು. “ನೀನೇ ಹೇಳಮ್ಮಾ. ಆಳೋ, ಸಂಬಂಧಿಕಳೋ?”

ಬಾಳಮ್ಮ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು. “ನಾ ಏನ್ ಹೇಳ್ಲಿರಿ ಸಾಹೇಬ್ರ? ಅವ್ರ ಇಲ್ಲೇ ಕುಂತಾರ, ಕೇಳ್ರಿ. ಸಂಬಂಧಿಕಳು ಅಂದ್ರ ಈಗಿಂದೀಗ ಅವ್ರ ಮನೀಗೆ ಹೋಗ್ತೇನಿ, ಮುಂದಿನ ಬಾಗಿಲಿಂದ. ಆಳು ಅಂದ್ರ ಆಳು. ಅವ್ರ ಮಾತು ನಾ ಯಾವತ್ತೂ ಮೀರಿಲ್ಲ.”

ಮುಗಿಯಿತು ಎಂದುಕೊಂಡ ಮಾಳಿಂಗಪ್ಪ. ಗಿಳಿಯ ಕುತ್ತಿಗೆಯನ್ನು ಅವಳೇ ಒಯ್ದು ವೈರಿಯ ಕೈಗೆ ಕೊಟ್ಟಿದ್ದಳು. ಖಾಸೀಂಬಿ ಅವನ ತೋಳು ಚಿವುಟಿದಳು.

“ಹೇಳ್ರಲಾ ಸಾವಕಾರ್ರ,” ವಕೀಲ ನಕ್ಕ. “ಒಂದು ಮಾತು. ಕೆಲಸ ಮುಗೀತು.”

ಸುಭದ್ರಾಬಾಯಿಯ ಹಿರಿಯಣ್ಣ ಮುಂದಕ್ಕೆ ಬಾಗಿದ. “ಯಾರ್ರೀ ಈಕಿ?”

ಕಲ್ಯಾಣಪ್ಪ ಕೂತಲ್ಲಿಂದ ಚಂಗನೆ ಎದ್ದ. “ಯಾರೂ ಅಲ್ಲ! ಆಳು! ನಮ್ಮ ಗಿರಣಿ ಆಳು. ಹಂಗಂತ ಬರ್ಕೋರಿ ಸಾಹೇಬ್ರ!”

ವಕೀಲ ಕಾಗದ ಮಡಿಚಿಟ್ಟ. ಬಾಳಮ್ಮ ಕಣ್ಣು ಮುಚ್ಚಿದಳು, ಬಹಳ ಕಾಲ ಹಿಡಿದಿದ್ದ ಏನನ್ನೋ ಕೈಬಿಟ್ಟವಳ ಹಾಗೆ. ಸಾಹೇಬರು ಬರೆದರು. ಮುದ್ರೆ ಬಿತ್ತು.

ಹೊರಗೆ ಹಲಗೆ ಬಡಿತದ ಸದ್ದೆದ್ದಿತು. ಮಾಳಿಂಗಪ್ಪ ತಲೆ ತಗ್ಗಿಸಿ ಬಾಳಮ್ಮನ ಬಳಿ ಬಂದ.

“ಅಕ್ಕಾ, ನಾ ನಿನ್ನ ತಪ್ಪು ತಿಳ್ಕೊಂಡಿದ್ದೆ. ಮಾಲಕರ ಮನಿಗೆ ಹೋಗೂದು ನೋಡಿದ್ದೆ.”

“ನೋಡಿದ್ರ ನೋಡು.” ಅವಳು ಸೊಂಟದ ಕಟ್ಟು ಬಿಚ್ಚಿದಳು. ಅಕ್ಕಿ, ಎಲೆ ಅಡಿಕೆ, ಒಂದು ಕೊಬ್ಬರಿ ಬಟ್ಟಲು, ಕುಪ್ಪಸದ ಹಸಿರು ಖಣ. “ಅವ್ರ ತಾಯಿಗೆ ಕಣ್ಣು ಕಾಣಂಗಿಲ್ಲ. ತಲಿ ಹಿಕ್ಕಿ ಬರ್ತೇನಿ. ಮುದುಕಿ ಉಡಿ ತುಂಬಿ ಕಳಸ್ತಾಳ.” ಕೊಬ್ಬರಿ ಮುರಿದು ಅವನ ಕೈಗೊಂದು ಚೂರು ಹಾಕಿದಳು. “ತಿನ್ನು. ಸಂಘಾ ಗೆದ್ದೈತಿ.”

ಖಾಸೀಂಬಿ ಕೂಗು ಎತ್ತಿಕೊಟ್ಟಳು. ಬೀದಿಯೆಲ್ಲ ಗುಡುಗಿತು. ಬಾಳಮ್ಮನಿಗೆ ಮತ್ತೆ ಕೆಮ್ಮು.

“ಇವತ್ತರೆ ಬಾಯಿಬಿಟ್ಟು ಕೂಗಕ್ಕಾ!” ಮಾಳಿಂಗಪ್ಪ ಕಿಚಾಯಿಸಿದ. “ಕಲ್ಯಾಣಪ್ಪ ಮುರ್ದಾಬಾದ್! ಇನ್ಯಾರ ಅಂಜಿಕಿ ನಿನಗ?”

ಬಾಳಮ್ಮ ಹಣೆಯ ಕುಂಕುಮವನ್ನು ಬೆರಳಿನಿಂದ ಸರಿಮಾಡಿಕೊಂಡಳು. “ಅಂಜಿಕಿ ಅಲ್ಲೋ ತಮ್ಮಾ. ತಾಳಿ ಕಟ್ಟಿದವ್ರ ಹೆಸರು ಬಾಯಿಲೆ ಹೆಂಗ ಹೇಳ್ಲಿ?”