ತಲೆಯೊಳಗಿನ ತುಕ್ಕು

ತುಕ್ಕು ಎಂಬ ಮಾತು ಡಾಕ್ಟರ ಬಾಯಿಂದ ಬಿದ್ದದ್ದೇ ತಡ, ಭೋಜರಾಜನಿಗೆ ಹೆಂಡತಿಯ ಕಾಯಿಲೆ ಪೂರಾ ಅರ್ಥವಾಗಿಬಿಟ್ಟಿತು. ಉಪ್ಪುಂದದಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವ ಮಿಸ್ತ್ರಿಗೆ ತುಕ್ಕಿನ ಬಗ್ಗೆ ಕುಂದಾಪುರದ ಡಾಕ್ಟರು ಇನ್ನೇನು ಹೇಳಿಕೊಡಬೇಕು?

ಡಾಕ್ಟರ್ ಚೇತನಾ ಪಾಪ, ಸುಲಭವಾಗಲಿ ಎಂದು ಆ ಹೋಲಿಕೆ ತೆಗೆದಿದ್ದರು. ಉಸಿರಾಡಿದ ಗಾಳಿಯಿಂದ ಮೈ ಅನ್ನವನ್ನು ಉರಿಸುವಾಗ ಒಂದಿಷ್ಟು ಕಿಡಿ ಹಾರುತ್ತದೆ, ಆರಿಸುವ ಶಕ್ತಿಯೂ ಮೈಯಲ್ಲೇ ಇದೆ. ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ, ಮೇಲಿಂದ ಹೊಗೆ, ಗದ್ದಲ, ಕಣ್ಣು ಕುಕ್ಕುವ ಬೆಳಕು ಎಂದಾದರೆ ಆ ಶಕ್ತಿ ಸೋಲುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಮೆದುಳಿಗೂ ಪೆಟ್ಟಾಗುತ್ತದೆ. ಮೈಗ್ರೇನ್ ಎಂಬುದು ಆಗ ಮೆದುಳು ಬಾರಿಸುವ ಎಚ್ಚರಿಕೆಯ ಗಂಟೆ ಇರಬಹುದು ಎಂದು ಕೆಲವು ಸಂಶೋಧಕರು ಹೇಳುತ್ತಾರೆ ಎಂದರು. ಮಾತ್ರೆ ಬರೆದುಕೊಟ್ಟು, ಕಣ್ಣ ಮುಂದೆ ಮಿಣುಕು ಶುರುವಾದ ಕೂಡಲೇ ಏನಾದರೂ ತಿಂದು ನುಂಗಿ ಎಂದರು. ಕುಸುಮಾವತಿ ಎಲ್ಲವನ್ನೂ ಕೇಳಿದಳು. ಭೋಜರಾಜ ಒಂದೇ ಶಬ್ದ ಕೇಳಿದ.

ಬಸ್ಸಿನಲ್ಲೇ ಪಾಠ ಶುರುವಾಯಿತು. "ಇಂಜಿನ್ನಿಗೆ ತುಕ್ಕ್ ಹಿಡೂದ್ ಯಾವಾಗ ಗೊತ್ತಿತ್ತಾ? ಸುಮ್ನೆ ಮನಿಕಂಡಿಪ್ಪತಿಗೆ. ದಿನಾ ಓಡೂ ಇಂಜಿನ್ನಿಗೆ ಎಂತ ತುಕ್ಕ್? ನೀನ್ ತಲಿನೋವ್ ಅಂದ್ಕಂಡ್ ಕತ್ಲಿ ಕೋಣಿಯಗೆ ಮನಿಕಂತೆ ಅಲ್ದಾ, ಅದೇ ಕಾರಣ."

ಮರುದಿನವೇ ಚಿಕಿತ್ಸೆ. ತುಕ್ಕಿಗೆ ಹುಳಿಯೇ ಮದ್ದೆಂದು ಹಿತ್ತಿಲ ಬಿಂಬುಳಿ ಕಾಯಿ ಹಿಂಡಿ ದಿನಾ ಬೆಳಿಗ್ಗೆ ಅವಳ ಖಾಲಿ ಹೊಟ್ಟೆಗೆ ಕುಡಿಸತೊಡಗಿದ. ಹಗಲು ಮಲಗುವ ಚಟ ಬಿಡಲಿ ಎಂದು ಕೋಣೆಯ ಪರದೆ ಕಿತ್ತು ಅಂಗಡಿಯಲ್ಲಿ ಗ್ರೀಸ್ ಒರೆಸಲು ಒಯ್ದ. ಮೈ ಓಡುತ್ತಿರಲಿ ಎಂದು ಆಳಿಗೆ ಹೇಳಬೇಕಾದ ಕೆಲಸವನ್ನೂ ಅವಳಿಗೇ ಹೇಳಿದ. ನೆರೆಹೊರೆಯವರಿಗೆ ಹೊಗಳಿ ಸಾಕಾಗಲಿಲ್ಲ. ಹೆಂಡತಿಯ ತಲೆನೋವಿಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಗಂಡ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ?

ಬದಲಾಗದ್ದು ಒಂದೇ. ಮಧ್ಯಾಹ್ನ ಅವಳು ಅಂಗಡಿಗೆ ಬುತ್ತಿ ಒಯ್ಯುವುದು, ಅವನು ಕೈಯಲ್ಲಿದ್ದ ಕೆಲಸ ಮುಗಿಸಿ ಉಂಡೇಳುವ ತನಕ ಕಾಯುವುದು, ಖಾಲಿ ಬುತ್ತಿ ಮನೆಗೆ ತಂದು ತೊಳೆದಿಟ್ಟ ಮೇಲೆ ತಾನುಣ್ಣುವುದು. ಗಂಡನಿಗಿಂತ ಮೊದಲು ಹೆಂಡತಿ ಉಂಡರೆ ಮನೆಗೆ ಏಳಿಗೆಯಿಲ್ಲ ಎಂದು ಅತ್ತೆ ಹೇಳಿದ್ದರು. ಅತ್ತೆ ಹೋದರು, ಮಾತು ಉಳಿಯಿತು. ಏಳಿಗೆ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಬುತ್ತಿ ಹಿಡಿದು ಬರುವಾಗ ಅಂಗಡಿಯಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಕಿರುಚುತ್ತಿತ್ತು. ಸೀಮೆಎಣ್ಣೆ ಹೊಗೆ ಬಾಗಿಲ ತನಕ ಬಂದು ಸ್ವಾಗತಿಸಿತು. ಎಡಗಣ್ಣಿನ ಅಂಚಿನಲ್ಲಿ ಆಗಲೇ ಮಿಣುಕು. ಇನ್ನು ತುಸು ಹೊತ್ತಿಗೆ ಅರ್ಧ ತಲೆ ಸಿಡಿಯಲಿದೆ ಎಂದು ಅವಳಿಗೆ ಗೊತ್ತು. ಮಾತ್ರೆ ಚೀಲದಲ್ಲಿತ್ತು, ಹೊಟ್ಟೆಯಲ್ಲಿ ಬಿಂಬುಳಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಹ್ವಾಯ್, ಬೇಗ ಉಣ್ಣಿ. ನಂಗೆ ಕಣ್ಣ್ ಮಿಣ್ಕುಕೆ ಶುರು ಆಯ್ತ್."

ಭೋಜರಾಜ ತಿರುಗಿ ನೋಡದೆ, ಸ್ವಲ್ಪ ತಡೆ ಎಂದು ಕೈ ಆಡಿಸಿದ. ಅವನ ಸಿಟ್ಟೆಲ್ಲ ಅಲ್ಲೇ ನಿಂತಿದ್ದ ಗಿರಾಕಿ ಚಂದಯ್ಯನ ಮೇಲಿತ್ತು. ಚಂದಯ್ಯ ತಂದ ದೋಣಿ ಇಂಜಿನ್ ಕಾದು ಕಾದು ಬಿಗಿದುಕೊಂಡಿತ್ತು.

"ಇದೆಂತ ಮರಾಯ್ರೆ? ಆಯಿಲ್ ಹಾಕ್ದೆ, ತಣೂಕೆ ಬಿಡ್ದೆ ಓಡ್ಸದ್ರಿಯಾ? ಸದ್ದ್ ಬದ್ಲಾಪತಿಗೇ ಬಂದ್ ಮಾಡ್ಕ್ ಅಂದೇಳಿ ಗೊತ್ತಿಲ್ಯಾ? ಇಂಜಿನ್ ಬಾಯ್ ಬಿಟ್ಟ್ ಹೇಳ್ಕಾ ನಿಮ್ಗೆ?"

ಇವತ್ತೊಂದು ದಿನ ಓಡೀತು ಅಂದುಕೊಂಡೆ ಎಂದು ಚಂದಯ್ಯ ಗೊಣಗಿದ. "ದಿನಾ ಹೀಂಗೇ ಅಂದ್ಕಂಡೇ ಇಂಜಿನ್ ಕೊಲ್ಲೂದ್ ನೀವ್," ಎಂದು ಭೋಜರಾಜ ಮತ್ತೆ ಗ್ರೈಂಡರ್ ಎತ್ತಿಕೊಂಡ.

ಅದು ತಿರುಗಲಿಲ್ಲ. ಕುಸುಮಾವತಿ ಗೋಡೆಯ ಸ್ವಿಚ್ಚು ಆರಿಸಿದ್ದಳು. ಬಿಸಿಲು ಕಣ್ಣಿಗೆ ಕುಕ್ಕದಂತೆ ಶಟರನ್ನು ಅರ್ಧ ಎಳೆದಳು, ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತಳು, ಚೀಲದಿಂದ ಮಾತ್ರೆ ತೆಗೆದಿಟ್ಟುಕೊಂಡು ತೊಡೆಯ ಮೇಲೆ ಬುತ್ತಿ ಬಿಚ್ಚಿದಳು. ಅನ್ನಕ್ಕೆ ಬಂಗುಡೆ ಸಾರು ಸುರಿದು ಕಲಸತೊಡಗಿದಳು.

"ಏ ಹೆಣ್ಣೇ, ಅದ್ ನನ್ ಊಟ," ಎಂದ ಭೋಜರಾಜ. ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು.

ಅವಳು ತಲೆ ಎತ್ತಲಿಲ್ಲ. ಮೊದಲ ತುತ್ತು ನುಂಗಿದ ಮೇಲೆ ಹೇಳಿದಳು: "ಮೊದ್ಲ್ ಇಂಜಿನ್ ಉಣ್ಲಿ. ಮಿಸ್ತ್ರಿದ್ ಕಡಿಗೆ."

ಚಂದಯ್ಯ ಹೊರಗೆ ಹೋದ. ಆದಷ್ಟು ಸದ್ದಾಗದ ಹಾಗೆ, ಉಳಿದರ್ಧ ಶಟರನ್ನೂ ಮೆಲ್ಲಗೆ ಕೆಳಗೆಳೆದ.